ಪಾಳಿ ಹಚ್ಚದ ಶಿವಪ್ಪ ಕಾಕಾ

ಅಪ್ಪನ ತಮ್ಮ, ನಮ್ಮ ಶಿವಪ್ಪ ಕಾಕಾ ಬಾಗಲಕೋಟೆಯ ಯಾವ ದವಾಖಾನೆಗೂ ಮುಂದಿನ ಬಾಗಿಲಿನಿಂದ ಹೋದವನಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಪಾಳಿಯಲ್ಲಿ ಕೂತವರನ್ನೆಲ್ಲ ದಾಟಿಕೊಂಡು ಹಿಂದಿನ ಬಾಗಿಲಿಗೆ ಹೋಗಿ, ಕಂಪೌಂಡರನನ್ನು ಹೆಸರು ಹಿಡಿದು ಕರೆಯುತ್ತಿದ್ದ. ನೆಂಟರಲ್ಲಿ ಯಾರಿಗೆ ಕೆಮ್ಮು ಬಂದರೂ ಡಾಕ್ಟರರಿಗಿಂತ ಮೊದಲು ಕಾಕಾನ ನೆನಪಾಗುತ್ತಿತ್ತು. "ನಾ ಅದೇನಿ, ನೀವ್ಯಾಕ ಅಂಜ್ತೀರಿ?" ಎನ್ನುತ್ತಿದ್ದ. ಅರ್ಧ ಜಡ್ಡು ಆ ಮಾತಿಗೇ ಇಳಿಯುತ್ತಿತ್ತು.

ಉಪಕಾರಕ್ಕೆ ಒಂದು ಕಪ್ ಚಹಾ ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ. ಹೊಗಳಿಕೆ ಮಾತ್ರ ಬೇಕಿತ್ತು. ಬೀಗರೊಬ್ಬರು ತಾವೇ ಚೀಟಿ ಮಾಡಿಸಿ ತೋರಿಸಿಕೊಂಡು ಬಂದರೆಂದು ಸಿಟ್ಟಾಗಿ, ಅವರ ಮಗಳ ಮದುವೆಯಲ್ಲಿ ಹೋಳಿಗೆ ಮುಟ್ಟಲಿಲ್ಲ. "ಪಾಳಿ ಹಚ್ಚಾಕ ನಾ ಏನ್ ಸತ್ತೇನೇನ್ರಿ?" ಎಂದ. ನಾವೆಲ್ಲ ನಕ್ಕೆವು. ನಗುತ್ತಲೇ ಅವನ ಬೆನ್ನಿಗೆ ಒಳಹೊಕ್ಕು, ಹೊರಗೆ ಬಿಸಿಲಲ್ಲಿ ಕೂತವರತ್ತ ನೋಡದೆ ಬರುತ್ತಿದ್ದೆವು.

ಅವ್ವನನ್ನೂ ಹಾಗೇ ಒಯ್ದ. ಕಾಲಿನ ಗಾಯ ಬಾತು ಜ್ವರ ಬಂದಿತ್ತು, ಅಷ್ಟೇ. ಅಪ್ಪನೂ ಜೊತೆಗೆ ಹೋಗಿದ್ದ, ನಾನು ನಮ್ಮ ಸೀರೆ ಅಂಗಡಿಯಲ್ಲಿದ್ದೆ. ಮುಂದಿನ ಬಾಗಿಲಿನಿಂದ ಬಂದವರನ್ನು ಅಲ್ಲಿ ನರ್ಸ್ ಒಬ್ಬಳು ಕೂರಿಸಿ, ಯಾವ ಔಷಧ ಮೈಗೆ ಒಗ್ಗುವುದಿಲ್ಲವೆಂದು ಕೇಳುತ್ತಿದ್ದಳಂತೆ. ಹಿಂದಿನಿಂದ ಹೋದ ಅವ್ವನನ್ನು ಯಾರೂ ಕೇಳಲಿಲ್ಲ. ಹಿಂದೊಮ್ಮೆ ಇಂಜೆಕ್ಷನ್ನಿಗೆ ಮೈಯೆಲ್ಲ ದದ್ದೆದ್ದದ್ದನ್ನು, ದೊಡ್ಡ ಡಾಕ್ಟರರ ಮುಂದೆ ಸೆರಗು ಹೊದ್ದು ಕೂತ ಅವಳು ತಾನಾಗಿ ಹೇಳಲೂ ಇಲ್ಲ. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿತು. ಹೃದಯ ನಿಂತಿತು ಎಂದರು ಡಾಕ್ಟರರು. ಇಂಜೆಕ್ಷನ್ನಿನಿಂದಲೇ ಎಂದು ನಮ್ಮ ಅನುಮಾನ. "ಲಿಂಗ ಕಟ್ಟಿದ ಮೈ, ಕೊಯ್ಸೂದು ಬ್ಯಾಡ" ಎಂದು ಹಿರಿಯರು ಪೋಸ್ಟ್‌ಮಾರ್ಟಂ ಮಾಡಿಸಗೊಡಲಿಲ್ಲ. ಅನುಮಾನ ಅನುಮಾನವಾಗಿಯೇ ಉಳಿಯಿತು.

ಅಂದಿನಿಂದ ಕಾಕಾ ಇಳಕಲ್ಲಿನ ನಮ್ಮ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೇ ಕೂರುತ್ತಿದ್ದ. ಯಾರು ಕೇಳಿದರೂ, ಕೇಳದಿದ್ದರೂ, ಅವ್ವನ ಮಾತೆತ್ತಿ, "ವೈನಿನ್ನ ನಾನ ಒಯ್ದು ಕೊಂದೆ" ಎನ್ನುತ್ತಿದ್ದ. ಅಪ್ಪ ತಲೆ ತಗ್ಗಿಸಿ, "ಎಲ್ಲಾ ಬಸವಣ್ಣನ ಇಚ್ಛಾ" ಎನ್ನುತ್ತಿದ್ದ. ಅಪ್ಪನದು ಎಂಥ ದೊಡ್ಡ ಮನಸ್ಸು ಎಂದು ಓಣಿಯೇ ಕೊಂಡಾಡಿತು. ನಾನೂ ಹೆಮ್ಮೆಪಟ್ಟೆ.

ಹೋದ ವರ್ಷ ಕಾಕಾ ಹಾಸಿಗೆ ಹಿಡಿದ. ಹುನಗುಂದದ ಅವನ ಮನೆಗೆ ನೋಡಲು ಹೋದಾಗ ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಅಣ್ಣಾ, ಒಮ್ಮೆರ ಬೈಯಿ. ಬಾಯಿಗೆ ಬಂದಂಗ ಬೈಯಿ. ನೀ ಸುಮ್ನಿದ್ರ ನನಗ ತಡಿಯಾಕ ಆಗೂದಿಲ್ಲೋ" ಎಂದು ಅತ್ತ.

ಅಪ್ಪ, "ಚಹಾ ಕುಡಿ, ಆರತೈತಿ" ಎಂದ. ಅಷ್ಟೇ. ವಾರದೊಳಗೆ ಕಾಕಾ ತೀರಿಕೊಂಡ.

ಮಣ್ಣು ಮಾಡಿ ಬಸ್ಸಿನಲ್ಲಿ ಮರಳುವಾಗ ನನಗೆ ತಡೆಯಲಾಗಲಿಲ್ಲ. "ಒಂದ್ ಮಾತು ಬೈದಿದ್ರ ಕಾಕಾ ಹಗುರಾಗಿ ಹೋಗತಿದ್ದ ನೋಡಪ್ಪಾ" ಎಂದೆ. ಅಪ್ಪ ಕಿಟಕಿಯತ್ತ ಮುಖ ತಿರುಗಿಸಿದ.

"ಯಾವ ಬಾಯಿಲೆ ಬೈಲಿ? ಅವತ್ತ ಅವನ ಗುರುತಿನ ಕಂಪೌಂಡರ್ ಇರ್ಲಿಲ್ಲ. 'ಪಾಳಿ ಹಚ್ಚೂಣು ಅಣ್ಣಾ' ಅಂದಾ. 'ಅಂಗಡಿಗೆ ಹೊತ್ತಾಗತೈತಿ, ಹಿಂದಿಂದ ಒಯ್ಯಿ' ಅಂತ ಗದರಿಸಿದಾಂವ ನಾ."

ನನಗೆ ಅವನ ಮುಖ ನೋಡಲೂ ನಾಚಿಕೆಯಾಯಿತು. ಅಪ್ಪನೇ ಮಾತು ಮುಂದುವರಿಸಿದ.

"ಸಾಯೂತನಾ ಯಾರ ಮುಂದೂ ನನ್ನ ಹೆಸರು ಹೇಳ್ಲಿಲ್ಲ ಅಂವಾ. ನನ್ನ ಮುಂದೂ ಹೇಳ್ಲಿಲ್ಲ."