ಚಾವಿವಾಲಾ ಕಾಯುತ್ತಿರುವ ರಾಕೆಟ್ಟು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಂಟಾಪ್ ಹಿಲ್‌ನ ಒಂದು ತಿರುವಿನಲ್ಲಿ, ನಿಲ್ಲಿಸಿದ ಎರಡು ಟೆಂಪೊಗಳ ನಡುವೆ, ಸಿದ್ದರಾಮಪ್ಪ ರಸ್ತೆಯ ಕಬ್ಬಿಣದ ಮುಚ್ಚಳವನ್ನು ಕೊಕ್ಕೆಯಿಂದ ಎತ್ತಿ ಪಕ್ಕಕ್ಕೆ ಸರಿಸುತ್ತಾರೆ. ಎದೆಯೆತ್ತರದ ಚಾವಿಯನ್ನು ಗುಂಡಿಯೊಳಗೆ ಇಳಿಬಿಟ್ಟು, ಕೆಳಗಿನ ವಾಲ್ವಿನ ತಲೆ ಸಿಕ್ಕಿತೆಂದು ಕೈಗೆ ಗೊತ್ತಾದ ಮೇಲೆ ತಿರುಗಿಸಲು ಶುರುಮಾಡುತ್ತಾರೆ. ಒಂದು, ಎರಡು, ಮೂರು. ಆರನೇ ಸುತ್ತಿಗೆ ನಿಲ್ಲಿಸುತ್ತಾರೆ. ನೆಲದಡಿಯಿಂದ ಯಾರೋ ಉದ್ದಕ್ಕೆ ಉಸಿರು ಬಿಟ್ಟಂಥ ಸದ್ದು ಬರುತ್ತದೆ. ಅದು ಮುಗಿಯುವವರೆಗೂ ಅವರ ಕೈ ಚಾವಿಯ ಮೇಲೆ ಸುಮ್ಮನೆ ಇರುತ್ತದೆ.

"ನೀರಿಗಿಂತ ಮುಂದ ಗಾಳಿ ಬರ್ತದರಿ. ಅದು ಹೊರಗ ಹೋಗೋತನಕ ನಿಲ್ಲಬೇಕು. ಗಡಬಡ ಮಾಡಿದ್ರ ಪೈಪ್ ಗುದ್ದತದ, ಎಲ್ಲೋ ಒಂದ ಕಡೆ ಒಡೀತದ" ಎನ್ನುತ್ತಾರೆ. ಗಾಳಿ ಹೋದ ಮೇಲೆ ಮತ್ತೆ ತಿರುವು. ಈ ವಾಲ್ವಿಗೆ ಒಟ್ಟು ಅರವತ್ತೆರಡು ಸುತ್ತು. ಮುಂದಿನ ಗಲ್ಲಿಯದಕ್ಕೆ ನಲವತ್ತು.

ಮುಂಬಯಿಯಲ್ಲಿ ಇವರನ್ನು ಚಾವಿವಾಲಾ, ಅಂದರೆ ಕೀಲಿಕೈಯವನು, ಎನ್ನುತ್ತಾರೆ. ಯಾವ ಗಲ್ಲಿಗೆ ಎಷ್ಟು ಹೊತ್ತಿಗೆ ನೀರು ಹೋಗಬೇಕೋ ಆ ಹೊತ್ತಿಗೆ ವಾಲ್ವು ತೆರೆಯುವುದು, ಹೊತ್ತು ಮುಗಿದಾಗ ಮುಚ್ಚುವುದು ಇವರ ಕೆಲಸ. ಸಿದ್ದರಾಮಪ್ಪನವರ ಪಾಲಿಗೆ ಹತ್ತೊಂಬತ್ತು ವಾಲ್ವುಗಳಿವೆ. ತೆರೆಯುವುದು, ಮುಚ್ಚುವುದು ಸೇರಿ ದಿನಕ್ಕೆ ಸುಮಾರು ಎರಡು ಸಾವಿರ ಸುತ್ತು. ಇಪ್ಪತ್ತೆಂಟು ವರ್ಷದಿಂದ ತಿರುಗಿಸುತ್ತಿದ್ದಾರೆ. ಸ್ನಾನ ಮಾಡಿ, ಚಹಾ ಕುಡಿದು, ಲೋಕಲ್ ಹಿಡಿಯುವ ಸಾವಿರಾರು ಜನಕ್ಕೆ ಇವರ ಹೆಸರು ಗೊತ್ತಿಲ್ಲ. ನೀರು ಬಾರದ ದಿನ ಮಾತ್ರ ಚಾವಿವಾಲಾ ಎಲ್ಲಿ ಎಂದು ಹುಡುಕುತ್ತಾರೆ.

ಅಫಜಲಪುರ ತಾಲ್ಲೂಕಿನ ಸಿದ್ದರಾಮಪ್ಪ ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಜೊತೆ ಪೈಪು ಹೂಳುವ ಗ್ಯಾಂಗಿನಲ್ಲಿ ಮುಂಬಯಿಗೆ ಬಂದವರು. ಈಗ ಐವತ್ತೇಳು. ಏಳನೇ ತರಗತಿಯವರೆಗೆ ಕನ್ನಡ ಓದಿದ್ದಾರೆ. ಮರಾಠಿ, ಹಿಂದಿಯನ್ನು ರಸ್ತೆಯಲ್ಲಿ ಕಲಿತರು. ರಾಕೆಟ್ಟಿನ ವಿಷಯ ಕಲಿತದ್ದೂ ರಸ್ತೆಯಲ್ಲೇ.

ಆರು ವರ್ಷದ ಹಿಂದಿನ ಮಾತು. ಅಲ್ಲೇ ಕಾಲೋನಿಯೊಂದರಲ್ಲಿರುವ ನಿವೃತ್ತ ನೌಕರ, ಮೈಸೂರು ಕಡೆಯ ಹಿರಿಯಣ್ಣ ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಮೊಬೈಲು ನೋಡಿ ಬೇಸರದಿಂದ ಗೊಣಗಿದರು. ಏನಾಯಿತೆಂದು ಸಿದ್ದರಾಮಪ್ಪ ಕೇಳಿದರು. ಹೊರದೇಶದ ಯಾವುದೋ ರಾಕೆಟ್ಟು ಹಾರುವ ಒಂದು ಗಂಟೆ ಮುಂಚೆ ನಿಂತುಹೋಯಿತು, ವಾಲ್ವು ಸೋರಿತಂತೆ ಎಂದರು ಹಿರಿಯಣ್ಣ. ಸಿದ್ದರಾಮಪ್ಪನ ಕೈ ಚಾವಿಯ ಮೇಲೇ ನಿಂತಿತು. ರಾಕೆಟ್ಟಿನಲ್ಲೂ ವಾಲ್ವು ಇರುತ್ತದೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಹಿಡಿದ ಗೀಳು ಬಿಟ್ಟಿಲ್ಲ. ಎಲ್ಲಿಂದ ಯಾವ ರಾಕೆಟ್ಟು ಹಾರುತ್ತದೆ, ಯಾಕೆ ತಡವಾಯಿತು, ಮುಂದಿನ ದಿನಾಂಕ ಯಾವುದು ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಹೊರದೇಶದವರು ಕೊಡುವ ಗ್ರೀನಿಚ್ ಸಮಯಕ್ಕೆ ಐದೂವರೆ ತಾಸು ಕೂಡಿಸುವುದನ್ನು ಬೆರಳೆಣಿಸಿ ಮಾಡುತ್ತಾರೆ. ಮನೆಯ ಕ್ಯಾಲೆಂಡರಿನಲ್ಲಿ ದಿನಾಂಕಕ್ಕೆ ಸುತ್ತು ಹಾಕುವುದು, ಮುಂದೆ ಹೋದರೆ ಹೊಡೆದುಹಾಕಿ ಇನ್ನೊಂದಕ್ಕೆ ಸುತ್ತು ಹಾಕುವುದು. ಕೆಲವು ತಿಂಗಳುಗಳಲ್ಲಿ ಹಬ್ಬ ಯಾವುದು, ಅಮಾವಾಸ್ಯೆ ಯಾವುದು ಎಂದು ಕಾಣುವುದಿಲ್ಲ ಎನ್ನುವುದು ಹೆಂಡತಿ ಚಂದ್ರವ್ವನ ದೂರು.

ಈ ಗೀಳಿನಿಂದ ಒಮ್ಮೆ ಅವರಿರುವ ಇಡೀ ಚಾಳಿಗೆ, ಸಾಲುಮನೆಗಳ ವಠಾರಕ್ಕೆ, ತೊಂದರೆಯಾಗಿದೆ. ಅವರ ಚಾಳಿನ ನಲ್ಲಿಯ ಬಳಿ ಒಂದು ಕರಿ ಹಲಗೆ ಇದೆ. ನೀರಿನ ಹೊತ್ತು ಬದಲಾದರೆ ಸಿದ್ದರಾಮಪ್ಪ ಸೀಮೆಸುಣ್ಣದಿಂದ ಅದರಲ್ಲಿ ಬರೆಯುತ್ತಾರೆ. ಒಂದು ಸಂಜೆ, ನಾಲ್ಕು ಜನ ನೋಡಲಿ ಎಂದು ಉಡಾವಣೆಯ ಸಮಯವನ್ನೂ ಅಲ್ಲಿ ಬರೆದರು: 'ರಾಕೆಟ್, ನಾಳೆ ಮುಂಜಾನೆ 5-47'. ಚಾಳಿನಲ್ಲಿ ಕನ್ನಡ ಓದುವವರು ಎಷ್ಟು, ಮರಾಠಿ ಓದುವವರು ಎಷ್ಟು. ಎಲ್ಲರೂ ಓದುವುದು ಅಂಕಿಯನ್ನು. ಮರುದಿನ ಐದೂವರೆಗೇ ನಲವತ್ತು ಹೆಂಗಸರು ಕೊಡ, ಬಾಲ್ದಿ, ಡ್ರಮ್ಮು ಇಟ್ಟುಕೊಂಡು ಸಾಲುಗಟ್ಟಿದ್ದರು. ನೀರು ಎಂದಿನಂತೆ ಆರೂವರೆಗೆ ಬಂತು.

ಪಕ್ಕದ ಮನೆಯ ಲಕ್ಷ್ಮವ್ವ ಅವತ್ತು ಕೇಳಿದ್ದನ್ನು ಚಾಳಿನಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. "ಯಾಕ ಸಿದ್ದರಾಮಣ್ಣ, ನಿನ್ನ ರಾಕೆಟ್ಟಿಗಿ ಎಷ್ಟು ಕೊಡ ಬೇಕಾಗಿತ್ತೋ ಹೇಳಿದ್ರ ನಾವಽ ತುಂಬಿ ಕೊಡತಿದ್ವಲ್ಲೊ?" ಆ ರಾಕೆಟ್ಟೂ ಅವತ್ತು ಹಾರಲಿಲ್ಲ, ಎರಡು ನಿಮಿಷವಿರುವಾಗ ನಿಂತಿತು. ಆಮೇಲಿಂದ ಸಿದ್ದರಾಮಪ್ಪ ರಾಕೆಟ್ಟಿನ ಸಮಯದ ಮುಂದೆ ಚಿಕ್ಕದೊಂದು ತ್ರಿಕೋನ ಬರೆಯುತ್ತಾರೆ. ತ್ರಿಕೋನ ಇದ್ದರೆ ಕೊಡ ತರಬೇಡಿ ಎಂದು ಮನೆ ಮನೆಗೆ ಹೋಗಿ ಹೇಳಿ ಬಂದರಂತೆ.

ಅವರ ಆಸೆ ಒಂದೇ: ಒಂದು ರಾಕೆಟ್ಟು ಏರುವುದನ್ನು ಮೊಬೈಲಿನಲ್ಲಲ್ಲ, ಬರಿಗಣ್ಣಿನಿಂದ ನೋಡಬೇಕು. ಅದಕ್ಕಾಗಿ ಎರಡು ಸಲ ಶ್ರೀಹರಿಕೋಟಾಕ್ಕೆ ಹೋಗಿದ್ದಾರೆ. ಚೆನ್ನೈವರೆಗೆ ಒಂದು ರೈಲು, ಅಲ್ಲಿಂದ ಸುಳ್ಳೂರುಪೇಟೆಗೆ ಇನ್ನೊಂದು, ಮುಂದೆ ಬಸ್ಸು. ಮೊದಲ ಸಲ ಮೋಡ ಕವಿದು ಒಂದು ದಿನ ಮುಂದೆ ಹೋಯಿತು. ಉಳಿದುಕೊಂಡರು. ಮತ್ತೆರಡು ದಿನ ಮುಂದೆ ಹೋಯಿತು. ರಜೆ ಮುಗಿದಿತ್ತು. ಮರಳುವ ರೈಲು ರಾಯಚೂರು ದಾಟುವಾಗ ಎದುರಿನ ಸೀಟಿನವರ ಮೊಬೈಲಿನಲ್ಲಿ ಅದು ಹಾರಿತು.

ಎರಡನೇ ಸಲ ಉಡಾವಣೆ ನೋಡುವ ಗ್ಯಾಲರಿಯವರೆಗೂ ಹೋಗಿ ಕುಳಿತಿದ್ದರು. ಸುತ್ತ ಸಾವಿರಾರು ಜನ. ಕೊನೆಯ ಕೆಲವು ನಿಮಿಷಗಳಿರುವಾಗ 'ಹೋಲ್ಡ್' ಎಂದು ಎಣಿಕೆ ನಿಂತಿತು. ಇಂದು ಉಡಾವಣೆ ಇಲ್ಲ ಎಂಬ ಘೋಷಣೆ ಬಂತು. ಜನ ಗೊಣಗುತ್ತ, ಮಕ್ಕಳನ್ನು ಎತ್ತಿಕೊಂಡು ಎದ್ದರು. ಪಕ್ಕದವನೊಬ್ಬ ಬೈದದ್ದಕ್ಕೆ ತಮಗೆ ಸಿಟ್ಟು ಬಂತೆಂದು ಸಿದ್ದರಾಮಪ್ಪ ಹೇಳುತ್ತಾರೆ. "ಹಾರಸೋದು ಎಲ್ಲಾರಿಗೂ ಬೇಕರಿ. ನಿಲ್ಲಸಾಂವ ಒಬ್ಬಾಂವ ಇರ್ತಾನ. ಇಷ್ಟು ಮಂದಿ ನೋಡ್ಲಿಕ್ಕತ್ತಿರುವಾಗ ಬ್ಯಾಡ ಅನ್ನಾಕ ಧೈರ್ಯ ಬೇಕು. ಬೈಸಿಕೊಂಡಾಂವಗಷ್ಟ ಗೊತ್ತು ಅದು."

ಬೈಸಿಕೊಂಡ ಅನುಭವ ಅವರಿಗಿದೆ. ಎರಡು ಮಳೆಗಾಲದ ಹಿಂದೆ ಯಾರೋ ಕೇಬಲ್ ಹಾಕಲು ರಸ್ತೆ ಅಗೆದು ಹೋಗಿದ್ದರು. ಮರುದಿನ ವಾಲ್ವು ಸ್ವಲ್ಪ ತೆರೆದು ಮೊದಲ ನಲ್ಲಿಯ ನೀರು ಮೂಸಿದರೆ ಚರಂಡಿಯ ವಾಸನೆ. ಮುಚ್ಚಿಬಿಟ್ಟರು. ಇಂಜಿನಿಯರು ಬರುವವರೆಗೆ ಎರಡೂವರೆ ತಾಸು ಆ ಗುಂಡಿಯ ಮುಚ್ಚಳದ ಮೇಲೇ ನಿಂತರು. ಸುತ್ತ ಇನ್ನೂರು ಜನ. ಒಬ್ಬ ಕಾಲರ್ ಹಿಡಿದ, ಇನ್ನೊಬ್ಬ ಚಾವಿ ಕಿತ್ತುಕೊಳ್ಳಲು ನೋಡಿದ. ಸಂಜೆ ಪೈಪು ಬಿಚ್ಚಿ ನೋಡಿದಾಗ ಒಡೆದ ಜಾಗ ಸಿಕ್ಕಿತು. ಕಾಲರ್ ಹಿಡಿದವನು ಆಮೇಲೆ ಬಂದು ಮಾತಾಡಿಸಿದನೇ ಎಂದು ಕೇಳಿದರೆ, ಅವನಿಗೂ ಡ್ಯೂಟಿ ಇರುತ್ತದಲ್ಲ ಎಂದು ಸಿದ್ದರಾಮಪ್ಪ ಮಾತು ಮುಗಿಸುತ್ತಾರೆ.

ಮುಂದಿನ ವರ್ಷ ನಿವೃತ್ತಿ. ಆಮೇಲೆ ಎಷ್ಟು ದಿನ ಬೇಕಾದರೂ ಹೋಗಿ ಕುಳಿತು ಕಾಯಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. "ನಾ ರಿಟೈರ್ ಆಗೋ ತಾರೀಖು ಆಫೀಸಿನಾಗ ಬರದದರಿ. ಕಣ್ಣಿಂದು ಎಲ್ಲಿ ಬರದದ?" ಎಂದು ಅವರು ತಿರುಗಿ ಕೇಳುತ್ತಾರೆ.

ಅವರ ಬಲಗಣ್ಣು ಕಾಣುವುದಿಲ್ಲ. ಗ್ಲಾಕೋಮಾ. ಕಣ್ಣಿನೊಳಗಿನ ನೀರು ಸರಿಯಾಗಿ ಹೊರಗೆ ಹರಿಯದೆ ಒತ್ತಡ ಏರುತ್ತದೆ, ಒಳಗಿನ ನರ ನಿಧಾನಕ್ಕೆ ಸಾಯುತ್ತದೆ. ನೋವಿಲ್ಲದ್ದರಿಂದ ಬಹಳ ದಿನ ಗೊತ್ತೇ ಆಗಲಿಲ್ಲ. ಈಗ ಎಡಗಣ್ಣಿನ ನೋಟವೂ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಿದೆ. ಹೋದ ನೋಟ ಬರುವುದಿಲ್ಲ, ಇರುವುದನ್ನು ಉಳಿಸಲು ನೀರು ಹೊರಹೋಗುವ ಹೊಸ ದಾರಿ ಮಾಡುತ್ತೇವೆ ಎಂದರು ಡಾಕ್ಟರು. ಬೇರೆಯವರಿಗೆ ಇದನ್ನು ಚಿತ್ರ ಬರೆದು ತಿಳಿಸಬೇಕಾಗುತ್ತದೆಯಂತೆ. ಸಿದ್ದರಾಮಪ್ಪನಿಗೆ ಒಂದೇ ಮಾತಿಗೆ ಅರ್ಥವಾಯಿತು. ಯಾರಾದರೂ ಕೇಳಿದರೆ ಕಣ್ಣಿನ ವಾಲ್ವು ಜಾಮಾಗಿದೆ ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಗೆ ಈ ತಿಂಗಳ ಇಪ್ಪತ್ತನೇ ತಾರೀಖು ಸಿಕ್ಕಿತು. ಮಾಡಿಸಿಕೊಂಡ ಮೇಲೆ ಆರು ವಾರ ದೂರದ ಪ್ರಯಾಣ ಬೇಡ, ಭಾರ ಎತ್ತಬಾರದು. ಅದಕ್ಕೂ ಮೊದಲೇ ಶ್ರೀಹರಿಕೋಟಾದಲ್ಲಿ ಹದಿನಾಲ್ಕಕ್ಕೆ ಒಂದು ಉಡಾವಣೆ ಇತ್ತು. ನೋಡಿ ಬಂದು ಕಣ್ಣನ್ನು ಆಪರೇಷನ್ನಿಗೆ ಕೊಡುತ್ತೇನೆ ಎಂದು ಹನ್ನೆರಡಕ್ಕೆ ರೈಲಿನ ಟಿಕೆಟ್ ತೆಗೆಸಿದರು. ಒಂಬತ್ತನೇ ತಾರೀಖು ಸುದ್ದಿ ಬಂತು: ಉಡಾವಣೆ ಇಪ್ಪತ್ತಕ್ಕೆ ಹೋಗಿದೆ.

ರಾಕೆಟ್ಟು ಮತ್ತು ಕಣ್ಣು ಒಂದೇ ದಿನಕ್ಕೆ ಬಂದು ಕುಳಿತವು. ಆಸ್ಪತ್ರೆಯ ತಾರೀಖು ಬಿಟ್ಟರೆ ಇನ್ನೊಂದು ಸಿಗಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಎಡಗಣ್ಣು ಎಷ್ಟು ಉಳಿಯುತ್ತದೋ ಹೇಳಲಾಗದು ಎಂದು ಡಾಕ್ಟರು ಎಚ್ಚರಿಸಿದರು. ಅದನ್ನು ಕೇಳಿಯೂ ಚಂದ್ರವ್ವ ಗಂಡನಿಗೆ ಹೋಗಿ ಬನ್ನಿ ಎಂದದ್ದು ಎಲ್ಲರಿಗೂ ಆಶ್ಚರ್ಯ. "ಕಣ್ಣು ಉಳಿಸಿಕೊಂಡು ಏನ್ ನೋಡೋರದೀರಿ, ನನ್ನ ಮಾರಿನಾ? ಮೂವತ್ತು ವರ್ಷ ನೋಡೀರಿ, ಸಾಕು. ಹೋಗಿ ಅದನ್ನ ನೋಡಿ ಬರ್ರಿ" ಎಂದರಂತೆ.

ಮಗಳು ಶಿವಕುಮಾರಿ ಸಾಯನ್‌ನ ಒಂದು ಲ್ಯಾಬಿನಲ್ಲಿ ರಿಪೋರ್ಟು ಟೈಪು ಮಾಡುತ್ತಾಳೆ. ಅವಳ ಕನ್ನಡದಲ್ಲಿ ಅರ್ಧ ಹಿಂದಿ. ತಾಯಿಯ ಮಾತು ಅವಳಿಗೆ ಹಿಡಿಸಲಿಲ್ಲ. "ಪಪ್ಪಾ, ಲೀಕ್ ಇದ್ರ ಹೋಲ್ಡ್ ಮಾಡಬೇಕು ಅಂತ ನೀನೇ ಹೇಳ್ತಿ ನಾ? ತೋ ಮಾಡು ಹೋಲ್ಡ್" ಎಂದು ಹೇಳಿ ಕೆಲಸಕ್ಕೆ ಹೋದಳು.

ಮೂರು ದಿನ ಸಿದ್ದರಾಮಪ್ಪ ಎಂದಿನಂತೆ ವಾಲ್ವು ತಿರುಗಿಸಿದರು. ಟಿಕೆಟನ್ನು ಹದಿನೆಂಟಕ್ಕೆ ಬದಲಿಸಿಟ್ಟಿದ್ದರು. ನಾಲ್ಕನೇ ದಿನ ಮುಂಜಾನೆ ಹನ್ನೊಂದನೇ ವಾಲ್ವಿನ ಬಳಿ, ತಾವೇ ಮುಚ್ಚಳ ತೆಗೆದ ಗುಂಡಿಯೊಳಗೆ ಅವರ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಚರ್ಮ ತರಚಿತು, ಮೂಳೆ ಮುರಿಯಲಿಲ್ಲ. ಅವತ್ತು ಎಂಟು ಗಂಟೆಗೆ ಮನೆಗೆ ಬಂದು ಮಗಳಿಗೆ ಟಿಕೆಟ್ ರದ್ದು ಮಾಡಲು ಹೇಳಿದರು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ ನಮಗೆ ಅವರು ಕೊಟ್ಟ ಉತ್ತರ ಇಷ್ಟೇ: "ರಾಕೆಟ್ ನೋಡಾಕ ಒಂದ ದಿನ ಕಣ್ಣು ಬೇಕರಿ. ಗುಂಡಿ ನೋಡಾಕ ದಿನಾ ಬೇಕು."

ಚಂದ್ರವ್ವ ಅವತ್ತು ಎಂದಿಗಿಂತ ಜೋರಾಗಿ ರೊಟ್ಟಿ ಬಡಿದರಂತೆ. ಸಿದ್ದರಾಮಪ್ಪ ಕ್ಯಾಲೆಂಡರಿನಲ್ಲಿ ಇಪ್ಪತ್ತರ ಸುತ್ತನ್ನು ಹೊಡೆದುಹಾಕಲಿಲ್ಲ. ಹೇಗಿದ್ದರೂ ಆಸ್ಪತ್ರೆಗೆ ಹೋಗುವುದು ಅದೇ ದಿನ.

ಹದಿನೆಂಟನೇ ತಾರೀಖಿನ ಮುಂಜಾನೆ. ಮೊನ್ನೆಯ ಮಳೆಯ ನೀರು ಇನ್ನೂ ರಸ್ತೆಯ ಅಂಚಿನಲ್ಲಿ ನಿಂತಿದೆ. ಸಿದ್ದರಾಮಪ್ಪ ಏಳನೇ ವಾಲ್ವು ತಿರುಗಿಸುತ್ತಿದ್ದಾರೆ. ವಾಕಿಂಗ್ ಷೂ ಹಾಕಿಕೊಂಡ ಹಿರಿಯಣ್ಣ ಎಂದಿಗಿಂತ ಚುರುಕಾಗಿ ನಡೆದು ಬರುತ್ತಾರೆ. ಅವರ ಕೈಯಲ್ಲಿ ಮೊಬೈಲಿದೆ. ಉಡಾವಣೆ ಮತ್ತೆ ಮುಂದೆ ಹೋಗಿದೆ. ಇನ್ನಷ್ಟು ಪರೀಕ್ಷೆಗಳು ಬಾಕಿ ಇವೆಯಂತೆ. ಹೊಸ ದಿನಾಂಕ ಹೇಳಿಲ್ಲ, ಆದರೆ ಎರಡು ತಿಂಗಳಿಗಿಂತ ಮೊದಲು ಇಲ್ಲವಂತೆ. ಆರು ವಾರ ಅಂದರೆ ಅಷ್ಟರಲ್ಲಿ ಕಣ್ಣಿನ ಗಾಯ ಮಾಯ್ದಿರುತ್ತದೆ ಎಂದು ಹಿರಿಯಣ್ಣ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸುತ್ತಾರೆ.

"ಅದೃಷ್ಟ ಕಣ್ರೀ ನಿಮ್ದು. ಇಡೀ ದೇಶದಲ್ಲಿ ಈ ತಡ ಒಳ್ಳೇದಾಗಿದ್ದು ನಿಮಗೊಬ್ಬರಿಗೇ" ಎನ್ನುತ್ತಾರೆ ಹಿರಿಯಣ್ಣ.

ಸಿದ್ದರಾಮಪ್ಪ ಚಾವಿ ನಿಲ್ಲಿಸುತ್ತಾರೆ. ಗಾಳಿ ಹೋಗುತ್ತಿದೆ, ನಿಲ್ಲಿಸಲೇಬೇಕು. "ಎರಡು ಸಲ ತಡ ಆದಾಗ ನಾ ಬೈದಿಲ್ಲರಿ, ಸಾಹೇಬ್ರ. ಈಗ ತಡ ಆಗ್ಯಾದಂತ ಖುಷಿ ಪಟ್ರ ಹ್ಯಾಂಗ? ಅಲ್ಲಿ ಯಾರೋ ನಿದ್ದಿ ಬಿಟ್ಟು ಒಂದೊಂದಽ ನಟ್ಟು ಮುಟ್ಟಿ ನೋಡ್ಲಿಕ್ಕತ್ತಿರಬೇಕು."

ಹಿರಿಯಣ್ಣ ಮೊಬೈಲು ಜೇಬಿಗೆ ಹಾಕಿಕೊಳ್ಳುತ್ತಾರೆ. ನೆಲದಡಿಯ ಸದ್ದು ಅಡಗುತ್ತದೆ. ಸಿದ್ದರಾಮಪ್ಪ ಮತ್ತೆ ತಿರುಗಿಸುತ್ತಾರೆ. ನಾಲ್ಕು ಸುತ್ತು, ಐದು ಸುತ್ತು. ಆರನೆಯದಕ್ಕೆ, ತಲೆ ಎತ್ತದೆ, ಹೇಳುತ್ತಾರೆ:

"ಸ್ವಲ್ಪ ಆಗ್ಯಾದರಿ ಖುಷಿ. ಯಾರ ಮುಂದೂ ಹೇಳಬ್ಯಾಡ್ರಿ."