ಕೊನೆಯ ಫಾರಂ

ನಮ್ಮ ಭಾವ ಮೂವತ್ತು ವರ್ಷ ಪುಸ್ತಕ ಹೊಲಿದವರು, ಒಂದನ್ನೂ ಓದಿದವರಲ್ಲ. ಅಡುಗೆಯವನಿಗೆ ಹಸಿವಿಲ್ಲ ಎಂದು ನಾನು ಛೇಡಿಸುತ್ತಿದ್ದೆ. ಬೈಂಡಿಂಗ್ ಕೋಣೆಯಲ್ಲಿ ಅವರದು ಸೂಜಿ ದಾರ, ನನ್ನದು ಕಟಿಂಗ್ ಯಂತ್ರ. ಕುಡಿತ ಮಾತ್ರ ಅವರೊಬ್ಬರದೇ.

ಈ ಸಲ ಅಕ್ಕ ಮಗಳ ಮನೆಗೆ ಹೊರಟು ನಿಂತಾಗ ಅಳಲಿಲ್ಲ, ಬೈಯಲೂ ಇಲ್ಲ. ಎರಡು ತಿಂಗಳು ಬಾಟಲಿ ಮುಟ್ಟದೆ ಇದ್ದರೆ ವಾಪಸು ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಳು. ಭಾವ ನಿಜಕ್ಕೂ ಬಿಟ್ಟರು. ಮಧ್ಯಾಹ್ನ ಕೈ ಸುಮ್ಮನಿರದಾಗ ಬೈಂಡಿಂಗ್ ಕೋಣೆಯ ಅಟ್ಟದಿಂದ ಒಂದು ಕಾದಂಬರಿ ಇಳಿಸಿಕೊಂಡು ಓದತೊಡಗಿದರು. ಕುಡುಕ ಗುಮಾಸ್ತನೊಬ್ಬನ ಕಥೆ.

"ನನ್ ಕಥೆನೇ ಕಣೋ ಇದು," ಎಂದರು. "ಯಾಕೆ ಕುಡೀತೀನಿ ಅಂತ ನಂಗೇ ಗೊತ್ತಿಲ್ಲ. ಇವನಿಗೆ ಗೊತ್ತಾಗೋ ಹಾಗಿದೆ. ಹೇಗೆ ಬಿಡ್ತಾನೆ ನೋಡ್ಬೇಕು."

ರಟ್ಟು ನೋಡಿದೊಡನೆ ಗೊತ್ತಾಯಿತು, ನಾನೇ ಅಟ್ಟದಲ್ಲಿ ಬಚ್ಚಿಟ್ಟಿದ್ದ ಪುಸ್ತಕ.

ಹದಿನಾರು ಪುಟ ಸೇರಿದರೆ ಒಂದು ಫಾರಂ. ಫಾರಂಗಳನ್ನು ಮೇಜಿನ ಸುತ್ತ ರಾಶಿಯಿಟ್ಟು, ಸುತ್ತು ಹಾಕುತ್ತಾ ಒಂದೊಂದನ್ನೇ ಎತ್ತಿ ಜೋಡಿಸುತ್ತೇವೆ. ಆ ಕಾದಂಬರಿಗೆ ಹನ್ನೆರಡು ರಾಶಿ. ಐದು ವರ್ಷದ ಹಿಂದೆ ಭಾವ ಕಂಠಪೂರ್ತಿ ಕುಡಿದು ಬಂದು, ಹನ್ನೆರಡನೆಯದನ್ನು ಎತ್ತದೆ ದಾಟಿ ಮತ್ತೆ ಮೊದಲ ರಾಶಿಗೇ ಕೈ ಹಾಕಿದ್ದರು. ಹಾಗೆ ಮೂವತ್ತು ಪ್ರತಿ. ಕೊನೆಯ ರಾಶಿ ಕರಗದೆ ಉಳಿದದ್ದು ಕಂಡು ನನಗೆ ಗೊತ್ತಾಯಿತು. ಅಷ್ಟರಲ್ಲಿ ಹೊಲಿಗೆ ಮುಗಿದಿತ್ತು. ಮಾಲೀಕರು ನೋಡಿದರೆ ಕೆಲಸ ಹೋಗುತ್ತದೆಂದು ಆ ಪುಸ್ತಕಗಳನ್ನು ಅಟ್ಟಕ್ಕೆ ಸೇರಿಸಿ, ಉಳಿದ ಫಾರಂಗಳನ್ನು ರದ್ದಿಗೆ ಹಾಕಿದೆ. ಭಾವನಿಗೂ ಹೇಳಲಿಲ್ಲ. ಅಕ್ಕನ ಸಂಸಾರ ಉಳಿಸಿದೆನೆಂಬ ಹೆಮ್ಮೆ ಬೇರೆ.

ಈಗಲಾದರೂ ಹೇಳಬಹುದಿತ್ತು. ಓದಿ ಅಭ್ಯಾಸವಿಲ್ಲದ ಮನುಷ್ಯ, ಅರ್ಧಕ್ಕೇ ಬಿಡುತ್ತಾರೆ ಎಂದುಕೊಂಡೆ.

ಐವತ್ತೊಂದನೆಯ ದಿನ ಅವರು ಕೊನೆ ಮುಟ್ಟಿದರು. ಗುಮಾಸ್ತ ಬಾಟಲಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಾನೆ, ಇನ್ನೇನು ಚೆಲ್ಲಬೇಕು. ಪುಟ ತಿರುವಿದರೆ ಮತ್ತೆ ಒಂದನೇ ಪುಟ. ಗೆಳೆಯನ ಕೋಣೆಯಲ್ಲಿ ಅವನು ಮೊಟ್ಟಮೊದಲ ಲೋಟ ಎತ್ತುತ್ತಿದ್ದಾನೆ. ಭಾವ ಫಾರಂ ನಡುವಿನ ದಾರವನ್ನು ಬೆರಳಲ್ಲಿ ಸವರಿದರು. ತಮ್ಮ ಹೊಲಿಗೆ ತಮಗೆ ಗೊತ್ತಾಗದೆ ಇರುತ್ತದೆಯೇ?

ಅಟ್ಟ ಹತ್ತಿ ಉಳಿದ ಇಪ್ಪತ್ತೊಂಬತ್ತನ್ನೂ ಬಿಚ್ಚಿ ನೋಡಿದರು. ಲೈಬ್ರರಿಯಲ್ಲಿ ಸರಿಯಾದ ಪ್ರತಿ ಸಿಗುತ್ತದೆ, ನಾಳೆಯೇ ತರುತ್ತೇನೆ ಎಂದೆ. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇಳಿದು ಬಂದು ಕೇಳಿದ್ದು ಒಂದೇ.

"ನಿಂಗೆ ಗೊತ್ತಿತ್ತಾ?"

ಇಲ್ಲ ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಸಂಜೆ ಅವರನ್ನು ಬಾರಿನ ಮುಂದಿನಿಂದ ಹೆಗಲು ಕೊಟ್ಟು ಮನೆಗೆ ತಂದೆ. ಬಾಯಿ ತೊಳೆಸಿ ಮಲಗಿಸುತ್ತಿರುವಾಗ ಅಕ್ಕನ ಫೋನ್ ಬಂತು. ಹೇಗಿದ್ದಾರೆ ಎಂದು ಕೇಳಿದಳು.

"ಚೆನ್ನಾಗಿದ್ದಾರೆ ಅಕ್ಕ," ಎಂದೆ. "ಓದ್ತಾ ಕೂತಿದ್ದಾರೆ."