ಎಚ್ಚರವಾದ ಕೋಶಗಳು

ಮುನ್ಸೂಚನೆ, ಒಳಮನಸ್ಸಿನ ಕರೆ ಎಂದೆಲ್ಲ ಯಾರಾದರೂ ಹೇಳತೊಡಗಿದರೆ ಮೆಲ್ಲನೆ ಎದ್ದು ಹೋಗುವವಳು ನಾನು. ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಅತ್ತೆ ಅಂಥ ಕತೆ ಶುರುಮಾಡಿದರೆ ನನಗೆ ತಕ್ಷಣ ಅಡುಗೆಮನೆಯ ಕೆಲಸ ನೆನಪಾಗುತ್ತಿತ್ತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸುವುದು ನನ್ನ ಉದ್ಯೋಗ. ಅಲ್ಲಿ ಏನು ನಡೆದರೂ ಅದಕ್ಕೊಂದು ಕಾರಣವಿರುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಎಂದು ಅರ್ಥ. ಕೆಲವು ವರ್ಷಗಳ ಹಿಂದಿನ ಒಂದು ಮಧ್ಯಾಹ್ನದ ಬಗ್ಗೆ ಮಾತ್ರ ಹಾಗೆ ಹೇಳಿಬಿಡಲು ನನಗೆ ಈಗಲೂ ಆಗುತ್ತಿಲ್ಲ.

ಜುಬೈದಾ ಕಾಟಿಪಳ್ಳದವರು. ಗಂಡನದು ಕಂಕನಾಡಿಯಲ್ಲಿ ಬಟ್ಟೆ ಅಂಗಡಿ. ವ್ಯಾಪಾರ ನಡೆಸುತ್ತಿದ್ದದ್ದು ಬಹುಪಾಲು ಇವರೇ. ಅಂಡಾಶಯದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡಲು ಒಪ್ಪಿದ್ದರು. ಕೊಟ್ಟು ಸುಮ್ಮನಾಗಲಿಲ್ಲ. ಕೀಮೋಗೆ ಬಂದಾಗಲೆಲ್ಲ ನಮ್ಮ ಬಾಗಿಲಲ್ಲಿ ಇಣುಕಿ, "ಎಂತ ಮೇಡಂ, ನನ್ನದು ಹೇಗುಂಟು ಒಳಗೆ?" ಎಂದು ವಿಚಾರಿಸುತ್ತಿದ್ದರು.

ಅವರಿಗೆ ಕೊಡುತ್ತಿದ್ದ ಔಷಧವನ್ನೇ ನಾನು ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದ್ದ ಅವರ ಕೋಶಗಳಿಗೂ ಹಾಕಿದ್ದೆ. ಅವು ಸತ್ತವು. ಆದರೆ ಗಡ್ಡೆಯ ಕೋಶಗಳೆಲ್ಲ ಒಂದೇ ಥರದವಲ್ಲ. ಕೆಲವೇ ಕೆಲವು ಬೇರಿನಂತಿರುತ್ತವೆ. ಅವನ್ನು ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಎನ್ನುತ್ತೇವೆ. ಔಷಧ ಹೆಚ್ಚಾಗಿ ಹೊಡೆಯುವುದು ಬೇಗ ಬೇಗ ಒಡೆದು ಹೆಚ್ಚುವ ಕೋಶಗಳನ್ನು. ಇವು ಆ ಹೊತ್ತಿನಲ್ಲಿ ಅಲ್ಲಾಡದೆ ನಿದ್ರಿಸಿ, ಔಷಧ ನಿಂತ ಎಷ್ಟೋ ಕಾಲದ ಮೇಲೆ ಎದ್ದು ಮತ್ತೆ ಇಡೀ ಗಡ್ಡೆಯನ್ನೇ ಕಟ್ಟಬಲ್ಲವು. ಅಂಥದ್ದೇನಾದರೂ ಉಳಿದಿದೆಯೇ ನೋಡೋಣವೆಂದು ಒಂದು ತಟ್ಟೆಯನ್ನು ಎಸೆಯದೆ, ಪೋಷಕ ದ್ರವ ಬದಲಿಸುತ್ತಾ ಇಟ್ಟುಕೊಂಡಿದ್ದೆ. ಅದನ್ನು ಅವರಿಗೂ ಹೇಳಿದ್ದೆ. ವಾರಗಳು ಕಳೆದರೂ ಅದರಲ್ಲಿ ಸತ್ತ ಕೋಶಗಳ ಕಸ ಬಿಟ್ಟು ಬೇರೇನೂ ಕಾಣಲಿಲ್ಲ. ಜುಬೈದಾ ಅವರ ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲವೂ ಸ್ವಚ್ಛವಾಗಿ ಬಂದಿದ್ದವು. ದುಬೈಯಲ್ಲಿ ಮಗಳ ಹೆರಿಗೆ ಹತ್ತಿರವಾಗಿತ್ತು. ಅಲ್ಲಿ ಹೋಗಿ ಕೆಲವು ತಿಂಗಳು ಇರುವುದೆಂದು ಹೊರಟು ನಿಂತಿದ್ದರು.

ಆ ದಿನ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಅವರ ಫೋನ್ ಬಂತು. ಅಂಗಡಿಯ ಗದ್ದಲ ಹಿಂದಿನಿಂದ ಕೇಳುತ್ತಿತ್ತು.

"ಮೇಡಂ, ಅದು ಎದ್ದಿದೆ."

"ಯಾವುದು?"

"ಅದೇ. ಈಗ, ಬಟ್ಟೆ ಅಳೀತಾ ಇದ್ದೆ. ನಿಮ್ಮ ತಟ್ಟೆ ಒಮ್ಮೆ ನೋಡಿ ಮಾರಾಯ್ರೆ."

ನೋವೇ ಎಂದರೆ ಇಲ್ಲ, ಸುಸ್ತೇ ಎಂದರೆ ಅದೂ ಇಲ್ಲ. ಪ್ರಯಾಣದ ಗಾಬರಿ ಇರಬೇಕು ಎಂದು ಸಮಾಧಾನ ಹೇಳಿದೆ. ನೋಡುತ್ತೇನೆಂದು ಮಾತು ಕೊಟ್ಟದ್ದರಿಂದ ತಟ್ಟೆಯನ್ನು ಹೊರತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಅಂಚಿನ ಹತ್ತಿರ, ಕಸದ ನಡುವೆ, ಒಂದು ಪುಟ್ಟ ದುಂಡನೆಯ ಗೊಂಚಲು ಹೊಳೆಯುತ್ತಿತ್ತು. ಜೀವಂತ ಕೋಶಗಳು.

ಬೆಳಿಗ್ಗೆಯಷ್ಟೇ ಆ ತಟ್ಟೆಯನ್ನು ಪೂರ್ತಿ ನೋಡಿದ್ದೆ. ಅಂಥ ಗೊಂಚಲು ಒಂದು ಬೆಳಗಿನಲ್ಲಿ ಆಗುವಂಥದ್ದಲ್ಲ, ಆದ್ದರಿಂದ ನನ್ನ ಕಣ್ಣು ತಪ್ಪಿರಲೇಬೇಕು. ಅದನ್ನು ಒಪ್ಪುತ್ತೇನೆ. ಆದರೆ ಅವರು ಫೋನ್ ಮಾಡಿದ್ದು?

ಕಂಡದ್ದನ್ನು ಅವರಿಗೂ ಅವರ ಡಾಕ್ಟರಿಗೂ ಹೇಳಿದೆ. ತಟ್ಟೆಯಲ್ಲಿ ಬೆಳೆದದ್ದು ದೇಹದಲ್ಲೂ ಬೆಳೆಯಬೇಕೆಂದಿಲ್ಲ ಎಂದರು ಡಾಕ್ಟರ್. ಅದು ನನಗೂ ಗೊತ್ತಿದ್ದ ಮಾತೇ. ಮತ್ತೆ ಮಾಡಿದ ಸ್ಕ್ಯಾನಿನಲ್ಲೂ ಏನೂ ಇರಲಿಲ್ಲ. ಆದರೂ ಜುಬೈದಾ ದುಬೈಗೆ ಹೋಗಲಿಲ್ಲ. ಮಗಳು ಫೋನಿನಲ್ಲಿ ಅತ್ತಳು, ಗಂಡ ಸಿಡುಕಿದರು, ಇವರು ಜಗ್ಗಲಿಲ್ಲ. ಮೊಮ್ಮಗುವನ್ನು ಮೊಬೈಲಿನಲ್ಲೇ ನೋಡಿದರು. ಕೆಲವು ತಿಂಗಳ ನಂತರದ ಪರೀಕ್ಷೆಯಲ್ಲಿ, ಇನ್ನೂ ಸಣ್ಣದಾಗಿದ್ದಾಗಲೇ, ಅದು ಮರಳಿ ಬಂದದ್ದು ಗೊತ್ತಾಯಿತು.

ಬೇರೆ ಔಷಧ ಶುರುವಾದ ಮೇಲೆ ಒಂದು ದಿನ, ಆ ಮಧ್ಯಾಹ್ನ ನಿಜವಾಗಿ ಏನಾಯಿತೆಂದು ಕೇಳಿದೆ. ಸ್ವಲ್ಪ ಯೋಚಿಸಿ, "ಮನೆಯಲ್ಲಿ ಮಲಗಿದವರು ಎದ್ದು ಕೂತ್ರೆ ಶಬ್ದ ಆಗ್ಬೇಕಂತ ಉಂಟಾ? ಗೊತ್ತಾಗ್ತದೆ, ಅಷ್ಟೇ" ಎಂದರು. ನಂತರ ಅವರೇ ಕೇಳಿದರು.

"ಆ ತಟ್ಟೆಯದ್ದು ಈಗಲೂ ಉಂಟಾ?"

"ಉಂಟು. ಹೊಸ ಔಷಧಗಳನ್ನು ಅದರ ಮೇಲೆಯೇ ಪರೀಕ್ಷೆ ಮಾಡ್ತಾ ಇದ್ದೇವೆ."

"ಅದಕ್ಕೆ ಊಟ ಹಾಕುದು ಯಾರು?"

"ನಾನೇ."

ಅವರು ಶಾಲಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಸಿಟ್ಟಾಗಿದ್ದಾರೆ ಎಂದುಕೊಂಡೆ.

"ಹಾಕಿ ಮೇಡಂ. ಯಾರಿಗಾದ್ರೂ ಉಪಕಾರ ಆಗ್ಲಿ. ಆದ್ರೆ ಯಾವ ದಿನ ಹಾಕ್ತೀರಿ ಅಂತ ಮಾತ್ರ ನನಗೆ ಹೇಳ್ಬೇಡಿ."

ನಾನು ಹೇಳಿಲ್ಲ. ಹೇಳದೆಯೂ ಅವರಿಗೆ ಆ ದಿನ ಗೊತ್ತಾಗುತ್ತಿದೆಯೇ ಎಂದು ಕೇಳುವ ಧೈರ್ಯವೂ ನನಗೆ ಬಂದಿಲ್ಲ.